ಶ್ರೀಶೈಲದ ಹಾದಿಗೊಂದು ಹಗುರ ಚಾಕು

ಚಾಕು ಕೊಳ್ಳುವವರು ಮೊದಲು ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಾರೆ. ತಪ್ಪು. ಅಂಗಡಿಯಲ್ಲಿಟ್ಟ ಚಾಕು ಹರಿತವಾಗಿಯೇ ಇರುತ್ತದೆ. ಮಾರುವವನಿಗೆ ಅಷ್ಟು ಬುದ್ಧಿಯನ್ನು ದೇವರು ಕೊಟ್ಟಿರುತ್ತಾನೆ. ನೋಡಬೇಕಾದ್ದು ಅಲಗಿನ ಬೆನ್ನು ಎಷ್ಟು ದಪ್ಪ, ಹಿಡಿ ಎಷ್ಟು ಭಾರ, ಬಳಸುವವರ ಕೈ ಎಂಥದ್ದು ಎಂಬುದನ್ನು. ನಾನು ಸೈಕಲ್ಲಿನ ಮೇಲೆ ಸೀರೆಯ ಗಂಟು ಕಟ್ಟಿಕೊಂಡು ಊರೂರು ತಿರುಗಿ, ರಬಕವಿಯಲ್ಲಿ ಸ್ವಂತ ಅಂಗಡಿ ಹಾಕಿದವನು. ಮಾಲು ಮುಟ್ಟಿದರೆ ಅದರ ಜಾತಕ ಹೇಳುತ್ತೇನೆ ಎಂಬ ಹಮ್ಮು ನನಗಿತ್ತು. ಅಂಥವನು ಒಂದು ಚಾಕು ಆರಿಸಲು ಜಮಖಂಡಿ, ಮುಧೋಳ, ಬೀಳಗಿ ಎಂದು ಹುಚ್ಚನ ಹಾಗೆ ಅಲೆದೆ.

ಚಾಕು ಬೇಕಾಗಿದ್ದು ನನ್ನ ಹೆಂಡತಿಗೆ. ಅವಳು ಶ್ರೀಶೈಲಕ್ಕೆ ನಡೆದು ಹೋಗುವವಳಿದ್ದಳು.

ಯುಗಾದಿಗೆ ಮುಂಚೆ ನಮ್ಮ ಭಾಗದಿಂದ ಶ್ರೀಶೈಲದ ಮಲ್ಲಯ್ಯನ ಕಂಬಿ, ಆ ಸಿಂಗರಿಸಿದ ಕಾವಡಿ, ಹೊತ್ತು ಹೊರಡುವವರ ಜೊತೆ ಅವಳು ಪ್ರತಿ ವರ್ಷ ನಡೆಯುತ್ತಿದ್ದಳು. ಆಗ ನಾನು ಅಡ್ಡಿ ಮಾಡಿದವನಲ್ಲ. ಆದರೆ ಹಿಂದಿನ ಮಳೆಗಾಲದಲ್ಲಿ ಬೆಳಗಾವಿಯ ದವಾಖಾನೆಯಲ್ಲಿ ಅವಳ ಎಡಗೆನ್ನೆಯ ಒಳಗಿನ ಹುಣ್ಣನ್ನು ದವಡೆಯ ಒಂದು ಭಾಗದ ಸಮೇತ ಕತ್ತರಿಸಿ ತೆಗೆದಿದ್ದರು. ಹುಡುಗಿಯಾಗಿದ್ದಾಗಿನಿಂದ ಹಲ್ಲಿಗೆ ತಿಕ್ಕಿದ ಮಶೇರಿ, ಎಂದರೆ ಸುಟ್ಟ ತಂಬಾಕಿನ ಪುಡಿ, ಕೊಟ್ಟ ಬಹುಮಾನ ಅದು. ಆಮೇಲೆ ಕರೆಂಟು ಕೊಟ್ಟರು; ವಿಕಿರಣಕ್ಕೆ ನಮ್ಮ ಕಡೆಯ ಹೆಸರು ಅದು. ಅದು ಮುಗಿಯುವಷ್ಟರಲ್ಲಿ ಬಾಯಲ್ಲಿ ಜೊಲ್ಲು ಬತ್ತಿತ್ತು, ಎಡಭುಜ ಮೇಲೇಳುತ್ತಿರಲಿಲ್ಲ, ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಬಳೆಗಳು ಮೊಳಕೈವರೆಗೆ ಜಾರತೊಡಗಿದ್ದವು.

"ತೂಕ ಇನ್ನೂ ಇಳಿದರೆ ಮುಂದಿನ ಇಂಜೆಕ್ಷನ್ ದೇಹ ತಡೆಯುವುದಿಲ್ಲ" ಎಂದು ಡಾಕ್ಟರು ನನಗೆ ನೇರವಾಗಿ ಹೇಳಿದ್ದರು. "ಬಾಯಿಂದ ಸಾಕಷ್ಟು ತಿನ್ನಲಿ. ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕೋಣ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ."

ಹೆದರುವಂಥದ್ದು ಇತ್ತು. ವಾರ್ಡಿನಲ್ಲಿ ಅವಳ ಪಕ್ಕದ ಮಂಚದ ಹೆಂಗಸಿಗೆ ನಳಿಕೆ ಹಾಕಿದ್ದರು. ಆ ಮಂಚ ಒಂದು ಬೆಳಿಗ್ಗೆ ಖಾಲಿಯಾಗಿತ್ತು. ನನ್ನ ಹೆಂಡತಿ ಅದಕ್ಕೂ ಇದಕ್ಕೂ ಗಂಟು ಹಾಕಿಕೊಂಡಿದ್ದಳು.

"ನಳಿಗಿ ಹಾಕಿಸ್ಕೊಂಡಾಕಿ ಮನಿಗಿ ನಡಕೊಂಡ ಬಂದದ್ದ ನಾ ನೋಡಿಲ್ಲ" ಎಂದಳು. "ನಾ ಮೊದಲ ಮಲ್ಲಯ್ಯನ ಕಡೆ ಹೋಗಿ ಬರ್ತೇನಿ. ಆಮ್ಯಾಲ ನನಗ ಏನರ ಮಾಡ್ರಿ."

"ಹುಚ್ಚಿ ಅದಿ ಏನಬೇ? ಇಲ್ಲಿಂದ ಬಸ್ ಸ್ಟ್ಯಾಂಡ್‌ತನಕ ನಡಿಯಾಕ ಆಗವಲ್ದು."

"ಬಸ್ ಸ್ಟ್ಯಾಂಡಿಗೆ ಯಾಂವ ಕರಿತಾನ? ಅಲ್ಲೆ ಮಲ್ಲಯ್ಯ ಕರಿತಾನ."

ನಾನು ಕೂಗಾಡಿದೆ. ಅವಳು ಮಾತು ಬಿಟ್ಟಳು, ಆಮೇಲೆ ಊಟವನ್ನೂ ಬಿಟ್ಟಳು. ಕೊನೆಗೆ ನಾನು ಹೂಂ ಎಂದ ದಿನ ಒಂದು ಬಾಳೆಹಣ್ಣು ತಿಂದಳು. ಒಂದು ಬಾಳೆಹಣ್ಣಿಗೆ ನಾನು ಮಾರಾಟವಾಗಿದ್ದೆ. ಅದನ್ನು ಅವಳು ನುಂಗುವುದನ್ನು ನೋಡುತ್ತ, ಇನ್ನೊಂದು ತಿಂದರೆ ಹಿಮಾಲಯಕ್ಕೂ ಕಳಿಸುತ್ತೇನೆ ಎಂದುಕೊಂಡೆ. ಡಾಕ್ಟರು ಫೋನಿನಲ್ಲಿ ಬೈದರು. ಬೈದು ಸುಸ್ತಾಗಿ, ತಿನ್ನುವುದು ನಿಂತ ದಿನ ಎಲ್ಲಿದ್ದರೂ ತಿರುಗಿ ಕರೆತರಬೇಕು ಎಂದರು. ನಾನೂ ಜೊತೆಗೆ ಹೊರಡುವುದೆಂದು ಆಯಿತು.

ಮಿಕ್ಸರಿನಲ್ಲಿ ರುಬ್ಬಿ ಕೊಟ್ಟದ್ದು ಅವಳಿಗೆ ವಾಂತಿಯಾಗುತ್ತಿತ್ತು. ಹಾಲಿನ ಪುಡಿಯ ವಾಸನೆಯೇ ಸೇರುತ್ತಿರಲಿಲ್ಲ. ಹೋಗುತ್ತಿದ್ದುದು ಒಂದೇ ರೀತಿ: ಪಪ್ಪಾಯಿ, ಬಾಳೆಹಣ್ಣು, ಕುದಿಸಿದ ಬಟಾಟೆ, ಹೋಳಿಗೆ, ಏನೇ ಇರಲಿ, ಅದನ್ನು ಸೀರೆಯ ಅಂಚಿನಷ್ಟು ತೆಳ್ಳಗೆ, ಉದ್ದಕ್ಕೆ ಹೆಚ್ಚಿ ಬಲಗಡೆಯಿಂದ ಒಳಗೆ ಜಾರಿಸಿದರೆ ನಾಲಗೆಯಿಂದ ಒತ್ತಿ ಒತ್ತಿ ನುಂಗುತ್ತಿದ್ದಳು. ದಪ್ಪವಾದರೆ ಹಲ್ಲಿಗೆ ತಾಗಿ ನಿಲ್ಲುತ್ತಿತ್ತು. ಒರಟಾದರೆ ಕರೆಂಟಿನಿಂದ ಬೆಂದ ಗಾಯಕ್ಕೆ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು.

ಹಾದಿಯಲ್ಲಿ ಹೆಂಗಸರ ಪಂಕ್ತಿ ಬೇರೆ, ಗಂಡಸರದು ಬೇರೆ. ನಾನು ಅವಳ ಪಕ್ಕ ಕೂತು ಹೆಚ್ಚಿಕೊಡುವಂತಿರಲಿಲ್ಲ. ಸಾಮಾನು ಹೊರುವ ಟ್ರ್ಯಾಕ್ಟರು ರಾತ್ರಿಯ ಬೀಡಿಗೆ ಮಾತ್ರ ಸಿಗುತ್ತದೆ, ಮುಂದೆ ಕಾಡಿನ ಹಾದಿಯಲ್ಲಿ ಅದೂ ಇಲ್ಲ. ಮೇಲಾಗಿ, ತನ್ನ ಗಂಟು ತಾನೇ ಹೊರುವುದು ಅವಳ ಹರಕೆ. ಒಂದೇ ಭುಜ ಉಳಿದವಳ ಗಂಟಿನಲ್ಲಿ ಒಂದು ಟವೆಲ್ ಹೆಚ್ಚಾದರೂ ಕುತ್ತಿಗೆ ವಾಲುತ್ತಿತ್ತು. ಆದ್ದರಿಂದ ಚಾಕು ಹೂವಿನಷ್ಟು ಹಗುರ ಇರಬೇಕು, ಕಾಗದದಷ್ಟು ತೆಳ್ಳಗೆ ಹೆಚ್ಚಬೇಕು, ಶಕ್ತಿ ಇಲ್ಲದ ಕೈಗೆ ಒಗ್ಗಬೇಕು. ಅದು ಸಿಕ್ಕರೆ ಅವಳು ತಿನ್ನುತ್ತಾಳೆ, ತಿಂದರೆ ನಳಿಕೆ ತಪ್ಪುತ್ತದೆ. ನನ್ನ ತಲೆಯಲ್ಲಿ ಲೆಕ್ಕ ಇಷ್ಟು ಸರಳವಾಗಿತ್ತು.

ಮೊದಲು ಜಮಖಂಡಿ. ಪಾತ್ರೆ ಅಂಗಡಿಯವನು ನನ್ನ ಹಳೆಯ ಪರಿಚಯದವನು. ಮಡಚುವ ಚಾಕು ತೆಗೆದು ಟಪ್ಪೆಂದು ಬಿಚ್ಚಿ ತೋರಿಸಿದ.

"ಬೆಟ್ಟಾ ಹತ್ತಾವ್ರು ಇದನ್ನ ಒಯ್ತಾರ್ರೀ. ಕಿಸೇದಾಗ ಹಾಕ್ಕೊಂಡ್ರ ಐತೋ ಇಲ್ಲೋ ಗೊತ್ತಾಗೂದಿಲ್ಲ."

"ಗೊತ್ತಾಗದಿದ್ರ ಕಳಿತೈತಿ. ರೇಟ್ ಇಳಸು."

"ಸಾವಕಾರ್ರ, ನಿಮ್ಮ ಅಂಗಡ್ಯಾಗ ನಾ ಸೀರಿ ತಗೋಬೇಕಾದ್ರ ಹಿಂಗ ಇಳಸ್ತೀರೇನು?"

"ನೀ ಸೀರಿ ಉಡೂದಿಲ್ಲಲ್ಲ, ಅದಕ್ಕ ಆ ಪ್ರಶ್ನಿ ಬರೂದಿಲ್ಲ."

ನಗಾಡಿ, ಇಳಿಸಿ, ತಂದೆ. ಮನೆಯಲ್ಲಿ ಅವಳು ಅದನ್ನು ಬಿಚ್ಚಲು ಹೋದಳು. ಮಡಚುವ ಚಾಕು ಬಿಚ್ಚಲು ಒಂದು ಕೈಯ ಹಿಡಿತ, ಇನ್ನೊಂದು ಕೈಯ ಉಗುರು ಬೇಕು. ಎಡಗೈಗೆ ಬಲವಿಲ್ಲ, ಇಂಜೆಕ್ಷನ್ನಿನಿಂದ ಉಗುರು ಕಪ್ಪಾಗಿ ಮೆತ್ತಗಾಗಿದ್ದವು. ನಾನೇ ಬಿಚ್ಚಿಕೊಟ್ಟೆ. ಹೆಚ್ಚಿದಳು, ಹೋಳುಗಳು ಒಂದು ಕಡೆ ದಪ್ಪ, ಒಂದು ಕಡೆ ಹರಿದಂತೆ. ನಲವತ್ತು ಮಂದಿಗೆ ಕೋಸಂಬರಿ ಹೆಚ್ಚಿದವಳು ಚಾಕು ಹಿಡಿದು ಶಾಲೆಯ ಹುಡುಗಿಯ ಹಾಗೆ ಕೂತಿದ್ದಳು. ಶಕ್ತಿ ಇಲ್ಲ ಅಂದುಕೊಂಡೆ.

ಮುಧೋಳಕ್ಕೆ ಹೋದಾಗ ಕಂಬಾರನ ಹತ್ತಿರ ನಿಂತೆ.

"ಕಬ್ಬ ಕಡಿಯಾಕೋ, ಕುರಿ ಕೊಯ್ಯಾಕೋ?" ಎಂದು ಕೇಳಿದ.

"ಬಾಳಿಹಣ್ಣ ಹೆಚ್ಚಾಕ."

"ಬಾಳಿಹಣ್ಣಿಗೆ ಚಾಕೂ? ಹಲ್ಲ ಎಲ್ಲಿ ಅಡವ ಇಟ್ಟೀರ್ರೀ?"

ಅವನ ಜೊತೆ ನಗಲು ಆಗಲಿಲ್ಲ. ಕಬ್ಬಿಣ ಕೊಯ್ಯುವ ಗರಗಸದ ಹಳೆಯ ಬ್ಲೇಡನ್ನು ತಿಕ್ಕಿ, ಜಾಲಿಕಟ್ಟಿಗೆಯ ಗುಂಡನೆಯ ಹಿಡಿ ಹಾಕಿ ಕೊಟ್ಟ. ಅದರ ಹದ ನೋಡಿದವನು ಪೇಟೆಯ ಚಾಕು ಮುಟ್ಟುವುದಿಲ್ಲ. ಹಿಡಿ ಜಾರಬಾರದೆಂದು ನಾನೇ ಅದಕ್ಕೆ ಮಗ್ಗದ ನೂಲು ಬಿಗಿದು ಸುತ್ತಿದೆ. ಇದಕ್ಕಿಂತ ಒಳ್ಳೆಯ ಚಾಕು ಜಿಲ್ಲೆಯಲ್ಲಿಲ್ಲ ಎಂಬ ಖುಷಿಯಲ್ಲಿ ತಂದು ಅವಳ ಮುಂದಿಟ್ಟೆ.

ನೋಡಿದ ಕೂಡಲೇ ಅಂದಳು: "ಗಂಜಿ ಹಚ್ಚಿದ ಹಾಸಿನ ನೂಲ ಸುತ್ತೀರಿ. ನೀರ ಬಿದ್ರ ಲೋಳಿ ಆಗೂದಿಲ್ಲೇನ್ರೀ? ಸೀರಿ ಮಾರಿ ಮಾರಿ ನೂಲ ಮರತೀರಿ."

ನೆಲದ ಮೇಲೆ ಕೂತಳು. ಒಂದು ಮೊಣಕಾಲು ಮಡಚಿ, ಚಾಕುವಿನ ಹಿಡಿಯನ್ನು ಬಲಪಾದದ ಕೆಳಗೆ ಒತ್ತಿ, ಅಲಗನ್ನು ಮೇಲ್ಮುಖ ಮಾಡಿ ನಿಲ್ಲಿಸಿ, ಪಪ್ಪಾಯಿಯನ್ನು ಅಲಗಿನ ಮೇಲೆ ದೂಡಿದಳು. ಆಗ ನನಗೆ ತಿಳಿಯಿತು. ಹುಟ್ಟಿದಾಗಿನಿಂದ ಅವಳು ಈಳಿಗೆಯ ಮಣೆಯ ಮೇಲೆ ಹೆಚ್ಚಿದವಳು. ಈಳಿಗೆಯಲ್ಲಿ ಅಲಗು ಅಲ್ಲಾಡುವುದಿಲ್ಲ, ಕಾಯಿಯೇ ಅಲಗಿನ ಹತ್ತಿರ ಹೋಗುತ್ತದೆ. ನಾನು ಕೈಗೆ ಚಾಕು ಹುಡುಕುತ್ತಿದ್ದೆ; ಅವಳಿಗೆ ಬೇಕಾಗಿದ್ದು ಕಾಲಿಗೆ. ಈಳಿಗೆಯನ್ನೇ ಒಯ್ಯಬಹುದಿತ್ತಲ್ಲ ಎನ್ನಬೇಡಿ. ಮಣೆ ಸೇರಿ ಅದು ಒಂದು ಕೂಸಿನ ತೂಕ.

ಜಾಲಿಯ ಗುಂಡು ಹಿಡಿ ಪಾದದ ಕೆಳಗೆ ಉರುಳಿತು. ಆದರೂ ಹೇಗೋ ಒತ್ತಿ ಹಿಡಿದು ಒಂದು ಹೋಳು ಹೆಚ್ಚಿದಳು. ಬೆಳಕು ಆಚೆ ಕಾಣುವಷ್ಟು ತೆಳು. ಬಾಯಿಗೆ ಜಾರಿಸಿದಳು. ಮುಖ ಕಿವುಚಿ ಉಗುಳಿದಳು.

"ಕಬ್ಬಣ" ಎಂದಳು. "ಬರೇ ಕಬ್ಬಣ."

ಕರೆಂಟು ಕೊಟ್ಟ ಬಾಯಿಗೆ ಮೊದಲೇ ಎಲ್ಲವೂ ತುಕ್ಕಿನ ರುಚಿ. ಆ ಅಲಗು ತಾಗಿದ ಕಡೆ ಹಣ್ಣು ಕಪ್ಪಾಗುತ್ತಿತ್ತು. ಸ್ಟೀಲು ತೋರಿಕೆಗೆ, ಕಬ್ಬಿಣ ಕೆಲಸಕ್ಕೆ ಎಂದು ಜನ್ಮವಿಡೀ ಉಪದೇಶ ಮಾಡಿದವನು ನಾನು. ಉಗುಳಿದ್ದನ್ನು ಒರೆಸುತ್ತ ಹೊರಗೆ ಹೋಗಿ ಬಚ್ಚಲ ಗೋಡೆಗೆ ಹಣೆ ಇಟ್ಟು ನಿಂತೆ. ಕಂಬಿ ಹೊರಡುವುದು ಹತ್ತಿರ ಬಂದಿತ್ತು. ಆ ವಾರ ಅವಳ ತೂಕ ಮತ್ತೆ ಇಳಿದಿತ್ತು.

ಬೀಳಗಿಯ ಸಂತೆಯ ದಿನ ಸೀರೆಯ ಹೊರೆ ಹಿಡಿದು ಹೋಗಿದ್ದೆ. ತಳ್ಳುಗಾಡಿಯ ಮೇಲೆ ಹೆಚ್ಚಿದ ಪಪ್ಪಾಯಿ, ಕಲ್ಲಂಗಡಿ ಮಾರುವ ಹೆಂಗಸೊಬ್ಬಳು ಕಂಡಳು. ಅವಳ ಕೈಯಲ್ಲಿದ್ದ ಚಾಕು ಸ್ಟೀಲಿನದು. ವರ್ಷಗಟ್ಟಲೆ ಮಸೆದು ಮಸೆದು ಅಗಲ ಹೋಗಿ ಬೆರಳಿನಷ್ಟು ಉಳಿದಿತ್ತು. ಹಿಡಿಯ ಕಟ್ಟಿಗೆ ಎರಡೂ ಮಗ್ಗುಲು ಸವೆದು ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ಕಾಲ ಕೆಳಗಿಟ್ಟರೆ ಉರುಳುವುದಿಲ್ಲ. ಇದನ್ನು ನೆನಪಿಡಿ: ಹಗುರ ಚಾಕು ಬೇಕಾದರೆ ಹೊಸದನ್ನು ಕೊಳ್ಳಬೇಡಿ, ಸವೆದದ್ದನ್ನು ಹುಡುಕಿ. ಬೇಡದ ತೂಕವನ್ನೆಲ್ಲ ಯಾರೋ ಆಗಲೇ ತೆಗೆದಿರುತ್ತಾರೆ.

"ಅಕ್ಕಾ, ಆ ಚಾಕು ಕೊಡ್ತಿ ಏನು?"

"ಪಪ್ಪಾಯಿ ಕೇಳ್ರಿ. ಚಾಕು ಮಾರಾಕ ಕುಂತಿಲ್ಲ ನಾ."

"ಬದಲಿ ಎರಡು ಹೊಸಾವು ಕೊಡಸ್ತೇನಿ."

"ಹೊಸಾವು ಮನ್ಯಾಗ ಬಿದ್ದಾವ. ಅವು ಹೆಚ್ಚೂದಿಲ್ಲ, ಹರೀತಾವ. ಈ ಸವದ ತುಂಡ ನಿಮಗ್ಯಾಕ? ಯಾರಿಗರ ಚುಚ್ಚಾವ್ರದೀರೇನು?"

ಹಣ್ಣು ತಿನ್ನುತ್ತಿದ್ದವರು ನಕ್ಕರು. ನಾನು ನನಗೆ ಗೊತ್ತಿದ್ದ ಎಲ್ಲ ಪಟ್ಟು ಹಾಕಿದೆ. ತುದಿ ಮೊಂಡಾಗಿದೆ ಎಂದು ಹೀಯಾಳಿಸಿದೆ. "ಹೌದ್ರೀ, ಅದಕ್ಕ ಬ್ಯಾಡ ಅಂತೇನಿ" ಎಂದಳು. ಬೇಡವಾದರೆ ಬಿಡು ಎಂದು ಹೊರೆ ಎತ್ತಿಕೊಂಡು ಹೊರಟೆ. ಹಿಂದಿನಿಂದ ಕರೆಯುತ್ತಾರೆ ಎಂಬುದು ವ್ಯಾಪಾರದ ನಂಬಿಕೆ. ಕರೆಯಲಿಲ್ಲ. ತಾನಾಗಿ ತಿರುಗಿ ಬಂದ ಗಿರಾಕಿಯ ಚೌಕಾಸಿ ಮುಗಿದಂತೆಯೇ. ನಾನು ತಿರುಗಿ ಬಂದೆ. ಬಂದು, ಜನರ ಎದುರಿಗೇ, ಎಲ್ಲವನ್ನೂ ಹೇಳಿದೆ: ಬಾಯಿ, ಬೆರಳಿನಷ್ಟು ಸಂದು, ನಳಿಕೆ, ಮಲ್ಲಯ್ಯ. ಹೆಂಗಸು ನನ್ನ ಮುಖ ನೋಡಲಿಲ್ಲ, ಹೊರೆ ನೋಡಿದಳು.

"ಏನೈತಿ ಅದ್ರಾಗ?"

"ಸೀರಿ."

"ಬಿಚ್ಚರಿ."

ಬಿಚ್ಚಿದೆ. ಕೈ ಒರೆಸಿಕೊಂಡು ಒಂದೊಂದೇ ಮಡಿಕೆ ಎತ್ತಿ ನೋಡಿದಳು. "ಈ ಹಸರಂದು. ಕೆಂಪ ದಡೀದು."

"ಅದು ರೇಷ್ಮಿ, ಅಕ್ಕಾ."

"ಗೊತ್ತೈತಿ. ಕಣ್ಣ ಕುರ್ಡ ಅದಾವೇನು ನನ್ನವು?"

ಕೊಟ್ಟೆ. ಜನ ಮತ್ತೆ ನಕ್ಕರು. ಒಬ್ಬ ಶಿಳ್ಳೆ ಹಾಕಿದ. ಸವೆದ ಚಾಕುವಿಗೆ ರೇಷ್ಮೆ ಸೀರೆ ಕೊಟ್ಟ ವ್ಯಾಪಾರಿ ಎಂದು ನನ್ನ ಹೆಸರು ಬೀಳಗಿಯಲ್ಲಿ ಇಂದಿಗೂ ಇರಬಹುದು. ಅವಳು ಚಾಕುವನ್ನು ಕೈಗೆ ಕೊಡಲಿಲ್ಲ. ಅಲಗಿನ ವಸ್ತು ಕೈಯಿಂದ ಕೈಗೆ ಕೊಟ್ಟರೆ ಜಗಳ ಬೀಳುತ್ತದಂತೆ. ಹಲಗೆಯ ಮೇಲಿಟ್ಟಳು. "ಆಕಿ ಉಂಡ್ಳಂದ್ರ ಸಾಕು ತಗೊಳ್ರಿ" ಎಂದಳು, ಸೀರೆಯನ್ನು ಗಾಡಿಯ ಕೆಳಗಿನ ಪೆಟ್ಟಿಗೆಯಲ್ಲಿ ಭದ್ರ ಮಾಡುತ್ತ.

ಆ ಸಂಜೆ ನನ್ನ ಹೆಂಡತಿ ಪಾದದ ಕೆಳಗೆ ಆ ಹಿಡಿಯನ್ನಿಟ್ಟು ಅರ್ಧ ಪಪ್ಪಾಯಿ ಹೆಚ್ಚಿ, ಒಂದೊಂದೇ ಎಳೆ ಜಾರಿಸಿ, ಅಷ್ಟನ್ನೂ ತಿಂದಳು. ನಾನು ಎದುರಿಗೆ ಕೂತು ಸಿಪ್ಪೆಯನ್ನು ನೋಡುತ್ತಿದ್ದೆ. ಅಷ್ಟು ಚೆಂದದ ಸಿಪ್ಪೆಯನ್ನು ನಾನು ಕಂಡಿರಲಿಲ್ಲ.

ಕಂಬಿ ಹೊರಟಿತು. ಬಿಸಿಲು ಏರುವ ಮುಂಚೆ ನಡೆದು, ಏರಿದ ಮೇಲೆ ನೆರಳಲ್ಲಿ ಕೂತು, ಹಾದಿಯ ಊರವರು ಕೊಟ್ಟ ಮಜ್ಜಿಗೆ ಕುಡಿದು ಮತ್ತೆ ನಡೆಯುವುದು. ಅವಳು ಹೆಂಗಸರ ಗುಂಪಿನಲ್ಲಿ ಮುಂದೆ, ನಾನು ಹಿಂದೆ. ಅವಳ ಗಂಟು ಬಲಭುಜದ ಮೇಲೆ ತೂಗುತ್ತಿತ್ತು. ಅದರ ಮೇಲೆಯೇ ನನ್ನ ಕಣ್ಣು. ರನ್ನ ಬೆಳಗಲಿಯಲ್ಲಿ ದಾಸೋಹದವರು ಹೋಳಿಗೆ ಬಡಿಸಿದ್ದರು. ಊಟವಾದ ಮೇಲೆ ಓಡಿಹೋಗಿ ಕೇಳಿದೆ.

"ಉಂಡ್ಯಾ?"

"ಉಂಡೇನಿ."

"ಎಷ್ಟ?"

"ಅಯ್ಯ, ಎಣಸಿ ತಿನ್ನಾಕ ನಾ ಏನ ಬೀಗರ ಮನಿಗಿ ಬಂದೇನೇನು? ನಡೀರಿ ಆ ಕಡೆ, ಹೆಣಮಕ್ಕಳ ನಗ್ತಾರ."

ಮುಧೋಳದಲ್ಲಿಯೂ ಕೇಳಿದೆ. "ಉಂಡೇನಿ" ಎಂದಳು. ದನಿ ತೆಳ್ಳಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ವ್ಯಾಪಾರದಲ್ಲಿ ಎದುರಿನವನ ಸುಳ್ಳು ಅವನ ಕಣ್ಣುರೆಪ್ಪೆಯಲ್ಲಿ ಗೊತ್ತಾಗುತ್ತದೆ ಎನ್ನುವ ನಾನು, ಅವಳ ರೆಪ್ಪೆಯನ್ನು ನೋಡಲು ಹೆದರಿದೆ.

ಲೋಕಾಪುರದಲ್ಲಿ ಶಾಲೆಯ ಅಂಗಳದಲ್ಲಿ ಊಟ. ನಾನು ಕೈ ತೊಳೆಯಲು ನಳದ ಹತ್ತಿರ ಹೋದಾಗ ಹೆಂಗಸರ ಗುಂಪಿನ ಹಣ್ಣು ಹಣ್ಣು ಮುದುಕಿಯೊಬ್ಬಳು ನನ್ನನ್ನು ತಡೆದಳು.

"ಯಪ್ಪಾ, ಆಕಿ ಗಂಡ ನೀನೇನು? ಬಾಳ ಪುಣ್ಯವಂತಿ ನಿನ್ನ ಹೇಣ್ತಿ. ನನ್ನ ಬಾಯಾಗ ಹಲ್ಲಿಲ್ಲ ನೋಡು, ತನ್ನ ತಾಟಿನಂದೆಲ್ಲಾ ದಾರದಂಗ ಹೆಚ್ಚಿ ಹೆಚ್ಚಿ ನನಗ ತಿನಸ್ತಾಳ."

"ಆಕೀನೂ ತಿಂತಾಳಲ್ಲ, ಯವ್ವಾ?"

ಮುದುಕಿಯ ನಕ್ಕ ಬಾಯಿ ಮೆಲ್ಲಗೆ ಮುಚ್ಚಿತು.

"ನಾ ಆಮ್ಯಾಲ ಉಣ್ತೇನಿ ಅಂತಿದ್ಳಪಾ" ಎಂದಳು. "ಉಂಡಿರಬೇಕಂತ ತಿಳದ್ನಿ."

ನಾನು ನೇರ ಹೆಂಗಸರ ಪಂಕ್ತಿಗೆ ನುಗ್ಗಿದೆ. "ಏ, ಗಂಡಸರ ಸಾಲ ಆ ಕಡೆ ಐತ್ರೀ!" ಎಂದು ಯಾರೋ ಕೂಗಿದರು. "ಹೇಣ್ತೀನ ಬಿಟ್ಟ ಒಂದ ಊಟಾನೂ ಗಂಟಲದಾಗ ಇಳಿಯಂಗಿಲ್ಲೇನಪಾ?" ಎಂದು ಇನ್ನೊಬ್ಬಳು. ನಗು ಎದ್ದಿತು. ನನ್ನ ಮುಖ ಕಂಡು ನಿಂತಿತು.

ಅವಳು ಗೋಡೆಗೆ ಒರಗಿ ಕೂತಿದ್ದಳು. ಚಾಕು ಪಾದದ ಕೆಳಗಿತ್ತು. ಮುಂದಿನ ತಾಟಿನಲ್ಲಿ ಪಪ್ಪಾಯಿ, ಎಳೆ ಎಳೆಯಾಗಿ, ಒಂದೂ ಕದಡದೆ.

"ಯಾವಾಗಿಂದ?" ಎಂದೆ.

ಅವಳು ತನ್ನ ಕಿರುಬೆರಳನ್ನು ತುಟಿಯ ಹತ್ತಿರ ತಂದು ಒಳಗೆ ತೂರಿಸಲು ನೋಡಿದಳು. ಅದೂ ಹೋಗಲಿಲ್ಲ. "ಮಾಲಿಂಗಪುರ ದಾಟಿದ ಮ್ಯಾಲ ಬಿಗೀಲಾಕತ್ತು" ಎಂದಳು. "ಬಾಯಿ ಒಣಗಿ ಹಂಚಾಗೇತಿ. ಒಳಗ ಹೋದದ್ದು ಜಾರೂದಿಲ್ಲ, ಅಂಟಕೊಂಡ ಕೂಡ್ತೈತಿ."

"ಒಂದ ಎಳಿ ತಗೊ. ನನ್ನ ಮುಂದ."

"ಬ್ಯಾಡ್ರಿ."

"ಒಂದ ತಿಂದ್ರ ಇವತ್ತ ಇಲ್ಲೆ ಇರೂಣು. ಎರಡ ತಿಂದ್ರ ನಾಳೆ ಮುಂದ ನಡಿಯೂಣು. ಯಾರೂ ಅಡ್ಡ ಬರೂದಿಲ್ಲ, ನಾನೂ ಬರೂದಿಲ್ಲ."

ಹೆಂಡತಿಯ ಹತ್ತಿರ ಚೌಕಾಸಿ ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ನಿಲ್ಲಿಸಲು ಆಗಲಿಲ್ಲ. ಅವಳು ಒಂದು ಎಳೆ ಎತ್ತಿ, ಎರಡು ಬೆರಳಿನಿಂದ ತುಟಿ ಹಿಗ್ಗಿಸಿ, ಒಳಗೆ ದೂಡಿದಳು. ಕುತ್ತಿಗೆಯ ನರ ಎದ್ದವು. ನುಂಗಿದಳೆಂದುಕೊಂಡೆ. ಮರುಕ್ಷಣ ಕೆಮ್ಮು ಬಂತು. ಬಾಯಿ ತೆರೆಯಲಾಗದವರ ಕೆಮ್ಮು ಹೊರಗೆ ಬರಲು ದಾರಿ ಇಲ್ಲದೆ ಒಳಗೇ ಗುದ್ದುತ್ತದೆ. ಮುಖ ನೀಲಿಗಟ್ಟಿತು. ಮುದುಕಿ ಬೆನ್ನು ತಿಕ್ಕಿದಳು, ಇನ್ನೊಬ್ಬಳು ನೀರು ತಂದಳು. ನಾನು ತಾಟು ಹಿಡಿದು ಕೂತಿದ್ದೆ. ಏನನ್ನು ಇಳಿಸಲಿ, ಏನನ್ನು ಏರಿಸಲಿ, ಕೊಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಕೆಮ್ಮು ಇಳಿದ ಮೇಲೆ ಕಣ್ಣು ಒರೆಸಿಕೊಂಡು ಅವಳು ನನ್ನನ್ನೇ ನೋಡಿದಳು.

"ನೀವ ಹಿಂಗ ಅಳಬ್ಯಾಡ್ರಿ, ಮಂದಿ ನೋಡಾಕತ್ತಾರ" ಎಂದಳು. ಅಳುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ. "ಚಾಕು ಛಲೋ ಐತ್ರಿ. ಚಾಕೂದೇನೂ ತಪ್ಪಿಲ್ಲ."

ಆಮೇಲೆ ಆ ಚಾಕುವನ್ನು ಒರೆಸಿ ಮುದುಕಿಯ ಸೆರಗಿನ ಮೇಲಿಟ್ಟಳು. "ಯವ್ವಾ, ಮುಂದ ಯಾರರ ಹೆಚ್ಚಿ ಕೊಡ್ತಾರ, ನೀ ಉಣ್ಣು" ಎಂದಳು. ಕಂಬಿ ಇಟ್ಟಿದ್ದ ಕಡೆಗೆ ಹೋಗಿ ಬಹಳ ಹೊತ್ತು ಹಣೆ ಊರಿದಳು. ಏನು ಕೇಳಿಕೊಂಡಳೋ ನಾನು ಕೇಳಲಿಲ್ಲ. ಎದ್ದು ಗಂಟನ್ನು ತಾನೇ ಭುಜಕ್ಕೆ ಹಾಕಿಕೊಂಡಳು.

ಲೋಕಾಪುರದ ನಿಲ್ದಾಣದಲ್ಲಿ ಮುಧೋಳದ ಬಸ್ಸು ನಿಂತಿತ್ತು. ಹತ್ತಿದರೆ ಸಂಜೆಯೊಳಗೆ ಮನೆ. ನಾನು ಬಾಗಿಲ ಕಂಬಿ ಹಿಡಿದಿದ್ದೆ. ಅವಳು ಹಿಂದಿನಿಂದ ಅಂಗಿ ಜಗ್ಗಿದಳು.

"ಮನಿಗಿ ಬ್ಯಾಡ್ರಿ. ಮನಿ ಕಂಡ್ರ ನಾ ಮತ್ತ ಹಟಾ ಹಿಡಿತೇನಿ."

ಬೆಳಗಾವಿಯ ಬಸ್ಸು ಬರುವವರೆಗೆ ಕಟ್ಟೆಯ ಮೇಲೆ ಕೂತೆವು. ಹಾದಿಯಲ್ಲಿ ಇನ್ನೊಂದು ಊರಿನ ಕಂಬಿ ಹೋಗುತ್ತಿತ್ತು. ಅವಳು ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ನಾನು ಹೇಳುವ ಮೊದಲೇ ಅವಳು ಏನೋ ಅಂದಳು. ಅವನಿಗೆ ಅರ್ಥವಾಗಲಿಲ್ಲ, ಬಗ್ಗಿ ಕಿವಿಗೊಟ್ಟ. ನಾನು ಹೇಳಲು ಹೋದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು. ಮತ್ತೊಮ್ಮೆ, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಬೆಳಗಾವಿ. ದೊಡ್ಡ ದವಾಖಾನಿ ಹಂತ್ಯಾಕ ಇಳಸ್ರಿ."